ಮೌನವ್ರತದ ಗಾಯನ ಮೇಳ

ಫೆಂಚೊ ಸತ್ತ ಸುದ್ದಿ ಬಂದ ಬೆಳಿಗ್ಗೆ ಅವನ ಅಣ್ಣ ಕಾಸಿಮಿರೊ ಆಗಲೇ ಮೂವರ ಮೇಲೆ ಸಿಟ್ಟಾಗಿದ್ದ. ಮೊದಲನೆಯವನು, ಇಂಪಾಲಾ ಕಾರಿನ ಸೀಟಿಗೆ ಕೆಂಪು ಮಖಮಲ್ಲೇ ಬೇಕೆಂದು ಹೊಲಿಸಿಕೊಂಡು, ಕೊನೆಯ ಮೊಳೆ ಹೊಡೆದ ಮೇಲೆ ನೀಲಿ ಆಗಿದ್ದರೆ ಒಪ್ಪುತ್ತಿತ್ತು ಎಂದ ಗಿರಾಕಿ. ಎರಡನೆಯವನು, ದಿನವೂ ಅಂಗಡಿಯ ಬಾಗಿಲಿಗೆ ಅಡ್ಡವಾಗಿಯೇ ಬಸ್ಸು ನಿಲ್ಲಿಸುವ ಡ್ರೈವರು. ಮೂರನೆಯವಳು ಹೆಂಡತಿ ಒತೀಲಿಯಾ. ಅವಳು ಮಾಡಿದ ತಪ್ಪೇನೆಂಬುದು ಅವನಿಗೆ ಮರೆತುಹೋಗಿತ್ತು, ಸಿಟ್ಟು ಮಾತ್ರ ಉಳಿದುಕೊಂಡಿತ್ತು. ಪೂರ್ವ ಲಾಸ್ ಏಂಜಲೀಸಿನ ಆ ಬೀದಿಯಲ್ಲಿ ಅವನ ಕುಶನ್ ಅಂಗಡಿ ಬಹಳ ವರ್ಷಗಳಿಂದ ಇತ್ತು. ಬೀದಿಯವರು ಬೆಳಿಗ್ಗೆ ಗಡಿಯಾರ ನೋಡುತ್ತಿರಲಿಲ್ಲ. ಕಾಸಿಮಿರೊನ ಮೊದಲ ಬೈಗುಳ ಕಿವಿಗೆ ಬಿದ್ದರೆ ಎಂಟಾಯಿತು ಎಂದುಕೊಂಡು ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿದ್ದರು.

ಗೋಡೆಯ ಫೋನು ಹೊಡೆದುಕೊಂಡಾಗ ಅವನ ತುಟಿಗಳ ನಡುವೆ ಸಣ್ಣ ಮೊಳೆಗಳಿದ್ದವು. ಅವನ್ನು ಅಂಗೈಗೆ ಉಗುಳಿಕೊಂಡು ಫೋನೆತ್ತಿದ.

"ದೋನ್ ಕಾಸಿಮಿರೊ ಅವರೇನಾ ಮಾತಾಡ್ತಿರೋದು?" ಆ ಕಡೆಯ ದನಿ ಬಹಳ ಮೆತ್ತಗಿತ್ತು.

"ಅಲ್ದೆ ಇನ್ಯಾರು? ಸೀಟು ನಾಳೆ ಆಗಲ್ಲ. ಶುಕ್ರವಾರ ಬಾ."

"ಸೀಟಿನ ವಿಷಯ ಅಲ್ಲ, ಸ್ವಾಮಿ. ನಾನು ಫ್ರೆಸ್ನೊದಿಂದ. ನಿಮ್ಮ ತಮ್ಮ ಫೆಂಚೊ ಇವತ್ತು ಬೆಳಿಗ್ಗೆ ಹೋಗ್ಬಿಟ್ರು."

"ಎಲ್ಲಿಗೆ ಹೋದ?"

"ದೇವರ ಹತ್ರ."

"ಯಾರನ್ನ ಕೇಳಿ ಹೋದ?" ಎಂದು ಕಾಸಿಮಿರೊ ಗದರಿದ.

ಆ ಕಡೆಯಿಂದ ಒಬ್ಬ ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅಳುವ ಸದ್ದು ಬಂತು. ಬಿಕ್ಕುಗಳ ನಡುವೆ ಅವನು ಹೇಳಿದ್ದಿಷ್ಟು: ಫೆಂಚೊ ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿಯುತ್ತ ನಿಂತಿದ್ದವನು ಎದೆ ಹಿಡಿದುಕೊಂಡು ಕುಳಿತ, ಕುಳಿತವನು ಏಳಲಿಲ್ಲ. ತನ್ನ ಹೆಸರು ರೊಗಾಸಿಯಾನೊ. ಅವನ ಜೊತೆ ಸಂಗೀತದಲ್ಲಿ ಹತ್ತೊಂಬತ್ತು ವರ್ಷ ಇದ್ದವನು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳಬೇಕು. ಫಿದೆನ್ಸಿಯೊ ಅರಿಸೋನ್, ಎಂದರೆ ನಮ್ಮ ಫೆಂಚೊ, ಹಾಡುಗಾರನೆಂಬುದು ನಿಜ. ಆದರೆ ಅವನು ಹಾಡುತ್ತಿದ್ದದ್ದು 'ಕೆರಳಿದ ಕಾಳುಗಳು' ಎಂಬ ಪಂಕ್ ತಂಡದಲ್ಲಿ. ಇಂಗ್ಲಿಷ್ ಹುಡುಗರು ಲೋಕದ ಮೇಲೆ ಕೆಂಡಕಾರಿ ಕಿರುಚಿದ ಹಾಡುಗಳ ಧಾಟಿಯನ್ನು ಹಾಗೇ ಎತ್ತಿಕೊಂಡು, ಅದರೊಳಗೆ ಪೊಲೀಸರ ಜಾಗದಲ್ಲಿ ಅತ್ತೆಯನ್ನೂ ಬಾಂಬಿನ ಜಾಗದಲ್ಲಿ ಕಾಳು ಬೇಯುವ ಪಾತ್ರೆಯನ್ನೂ ಕೂರಿಸುವುದು ಅವನ ಕಸುಬು. ಮಾತು ಅರ್ಧ ಇಂಗ್ಲಿಷು, ಅರ್ಧ ಸ್ಪ್ಯಾನಿಷು. ಕಿತಾಪತಿ ಪೂರ್ತಿ ಚಿಕಾನೊ, ಎಂದರೆ ಅಮೆರಿಕದಲ್ಲಿ ಬೆಳೆದ ಮೆಕ್ಸಿಕನ್ನರದು. ಎಂಟು ವರ್ಷದ ಹಿಂದೆ ಒಬ್ಬ ಗಿರಾಕಿ ಕಾಸಿಮಿರೊಗೆ, "ನಿನ್ನ ಮೇಲೂ ಒಂದು ಹಾಡು ಕಟ್ಟಿದ್ದಾನಪ್ಪ, ಜನ ಬಿದ್ದು ಬಿದ್ದು ಕುಣೀತಾರೆ" ಎಂದಿದ್ದ. ಆ ಹಾಡಿನಲ್ಲಿ ಏನಿದೆ ಎಂದು ಕಾಸಿಮಿರೊ ಕೇಳಲಿಲ್ಲ. ತಮ್ಮನಿಗೆ ಫೋನು ಮಾಡಿ, ಇನ್ನು ಈ ಮನೆಯ ಹೊಸ್ತಿಲು ತುಳಿಯಬೇಡ ಎಂದ. ಫೆಂಚೊ ತುಳಿಯಲಿಲ್ಲ. ಹುಟ್ಟಿದಂದಿನಿಂದ ಅಣ್ಣನ ಒಂದು ಮಾತನ್ನೂ ಕೇಳದವನು ಇದೊಂದನ್ನು ಮಾತ್ರ ಕೇಳಿದನಲ್ಲ ಎಂದು ಕಾಸಿಮಿರೊಗೆ ಮತ್ತಷ್ಟು ಸಿಟ್ಟು ಬಂತು.

ಬೀದಿಯವರು ತಮ್ಮನನ್ನು ಕೇಳಿದರೆ ಏನಾದರೂ ಹೇಳಬೇಕಲ್ಲ. "ಫ್ರೆಸ್ನೊದಲ್ಲಿ ಚರ್ಚಿನ ಗಾಯನ ಮೇಳದಲ್ಲಿದ್ದಾನೆ, ಬಿಡುವಿಲ್ಲ" ಎಂದ. ಸುಳ್ಳು ಚಿಕ್ಕದಾಗಿತ್ತು, ತಿನ್ನುವುದು ಹೆಚ್ಚಾಗಿತ್ತು, ಬೆಳೆಯಿತು. ಮರುವರ್ಷ ಫೆಂಚೊ ಮೇಳದ ಮುಖ್ಯ ಗಾಯಕನಾದ. ಅದರ ಮರುವರ್ಷ ಬಿಷಪ್ಪರು ಅವನ ದನಿ ಕೇಳಿ ಕಣ್ಣೊರೆಸಿಕೊಂಡರು. ಹೀಗೆ ಎಂಟು ವರ್ಷ ಹೇಳಿ ಹೇಳಿ, ಕೊನೆಗೆ ಬೀದಿಯಲ್ಲಿ ಆ ಸುಳ್ಳನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವನು ಕಾಸಿಮಿರೊ ಒಬ್ಬನೇ.

ಆದ್ದರಿಂದ ಆ ಬೆಳಿಗ್ಗೆ ಫೋನಿನಲ್ಲಿ ಮೆತ್ತನೆಯ ದನಿ "ಸಂಗೀತದಲ್ಲಿ ಜೊತೆಗಿದ್ದೆ" ಎಂದಾಗ ಅವನ ಕಣ್ಣ ಮುಂದೆ ಬಂದದ್ದು ಬಿಳಿಯ ನಿಲುವಂಗಿ ತೊಟ್ಟ ಗಾಯನ ಮೇಳದ ಗುರು. ದುಃಖದಲ್ಲಿ ಮನುಷ್ಯನಿಗೆ ಬುದ್ಧಿ ನೆಟ್ಟಗಿರುವುದಿಲ್ಲ. ಕಾಸಿಮಿರೊ ಅಲ್ಲೇ, ಅಂಗೈಯಲ್ಲಿ ಮೊಳೆ ಹಿಡಿದುಕೊಂಡೇ, ಮಾಡಬಾರದ ಕೆಲಸವನ್ನು ಮಾಡಿದ.

"ಒಂಬತ್ತು ಸಂಜೆ ಜಪಸರ ಹೇಳಿಸ್ತೀನಿ. ಒಂಬತ್ತನೇ ಸಂಜೆ ಅವನ ಶಿಲುಬೆ ಎತ್ತೋ ಧರ್ಮಪಿತ ನೀವಾಗ್ಬೇಕು."

"ನಾನಾ?" ಆ ದನಿ ಕೇಳಿತು. "ದೋನ್ ಕಾಸಿಮಿರೊ, ನಾನು ಅದಕ್ಕೆ ಯೋಗ್ಯನಲ್ಲ."

"ಯೋಗ್ಯರು ಹೀಗೇ ಹೇಳೋದು. ಆಗ್ತೀರೋ ಇಲ್ವೋ?"

"ಆಗ್ತೀನಿ, ಕೊಂಪಾದ್ರೆ."

ಆ ಒಂದು ಮಾತಿನೊಂದಿಗೆ ಗಂಟು ಬಿತ್ತು. ಶಿಲುಬೆಗೋ ಮಗುವಿನ ದೀಕ್ಷಾಸ್ನಾನಕ್ಕೋ ಒಬ್ಬನನ್ನು ಕರೆದೆವೆಂದರೆ ಅವನು ಸಾಯುವತನಕ ಕೊಂಪಾದ್ರೆ. ಅವನ ಮೇಲೆ ಕೈ ಎತ್ತುವಂತಿಲ್ಲ, ದನಿ ಎತ್ತುವಂತಿಲ್ಲ, ನೀನು ಎನ್ನುವಂತಿಲ್ಲ. ಇದೇ ಕಾರಣಕ್ಕೆ ಕಾಸಿಮಿರೊ ತನ್ನ ಬೀದಿಯಲ್ಲಿ ಒಬ್ಬನನ್ನೂ ಕೊಂಪಾದ್ರೆ ಮಾಡಿಕೊಂಡಿರಲಿಲ್ಲ. ಮಾಡಿಕೊಂಡರೆ ಜಗಳಕ್ಕೆ ಒಬ್ಬ ಕಡಿಮೆಯಾಗುತ್ತಾನಲ್ಲ.

ಒತೀಲಿಯಾ ಸುದ್ದಿ ಕೇಳಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಮುಖ ತೆಗೆದು, "ಮುದುಕಾ, ಒಂಬತ್ತು ಸಂಜೆ ಜನ ಬರಬೇಕು. ಬರಿಯ ಗೋಡೆಗೆ ಜಪ ಹೇಳಿದ್ರೆ ಅವನಿಗೆ ದಾರಿ ಸಿಗಲ್ಲ" ಎಂದಳು.

"ಬರ್ತಾರೆ. ಚರ್ಚಿನ ಗಾಯಕ ಅವನು."

ಒತೀಲಿಯಾ ಗಂಡನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

ಫ್ರೆಸ್ನೊದಿಂದ ದೇಹ ತರಿಸಿ ಮಣ್ಣು ಕೊಡುವ ದಿನ ಬೀದಿಗೆ ಬೀದಿಯೇ ಬಂತು. ಕೊಂಪಾದ್ರೆ ಮಾತ್ರ ಬರಲಿಲ್ಲ. ಘಟ್ಟ ಹತ್ತುವಾಗ ವ್ಯಾನಿನ ನೀರು ಕುದ್ದು ನಿಂತಿದೆ ಎಂದು ದಾರಿಯಿಂದ ಫೋನು ಬಂತು. ಸಂಜೆ ಮನೆಯಲ್ಲಿ ಮೊದಲ ಜಪಸರಕ್ಕೆ ಜನ ಸೇರಿದ್ದರು. ಗೋಡೆಯ ಬದಿಗೆ ಫೆಂಚೊನ ಪಟ, ಅದರ ಮುಂದೆ ನೆಲದ ಮೇಲೆ ಸುಣ್ಣದಲ್ಲಿ ಬರೆದ ಶಿಲುಬೆ, ಸುತ್ತ ಮೇಣದ ಬತ್ತಿ. ಜಪ ಹೇಳಿಸುವ ದೋನ್ಯಾ ಎರ್ಮೆಲಿಂದಾ ಎತ್ತರದ ಕುರ್ಚಿಯಲ್ಲಿ ಕೂತಿದ್ದಳು. ಆ ಪೇಟೆಯಲ್ಲಿ ಅವಳು ಹೇಳಿಸದೆ ಯಾವ ಆತ್ಮವೂ ಮೇಲೆ ಹೋಗುವಂತಿರಲಿಲ್ಲ. ಅವಳ ಪಕ್ಕದಲ್ಲಿ ಟೈರಿನ ಅಂಗಡಿಯ ದೋನ್ ಸೆನೊಬಿಯೊ, ಸತ್ತವರ ಮನೆಯ ಕಾಫಿಗೆ ಚಕ್ಕೆ ಸಾಲದು ಎಂದು ಪಿಸುಗುಟ್ಟುತ್ತಿದ್ದ.

ಆಗ ಬಾಗಿಲಲ್ಲಿ ವ್ಯಾನು ನಿಂತಿತು. ವ್ಯಾನಿನ ಮೈಮೇಲೆ ಹಲ್ಲು ಕಿಸಿದ ಒಂದು ಕಂದು ಕಾಳಿನ ಚಿತ್ರವಿತ್ತು. ಅದರಿಂದ ಇಳಿದವನಿಗೆ ಐವತ್ತರ ಮೇಲಾಗಿತ್ತು. ತಲೆಯ ಎರಡೂ ಬದಿ ಬೋಳಿಸಿ ನಡುವೆ ಹುಂಜದ ಜುಟ್ಟಿನಂತೆ ನರೆಗೂದಲು ನಿಲ್ಲಿಸಿದ್ದ. ಕಿವಿಗೆ ಬಟ್ಟೆ ಪಿನ್ನು. ಕಪ್ಪು ಚರ್ಮದ ಜಾಕೀಟಿನ ಬೆನ್ನಿಗೆ ಗ್ವಾದಲೂಪೆಯ ಮರಿಯಮ್ಮನ ಚಿತ್ರ. ಕೈಯಲ್ಲಿ ತಾನೇ ಕೆತ್ತಿ ಅರಗು ಹಚ್ಚಿದ, ಬಲು ಅಚ್ಚುಕಟ್ಟಾದ ಮರದ ಶಿಲುಬೆ. ಹಿಂದೆ ಗಿಟಾರಿನವರಿಬ್ಬರು, ಮೊಣಕಾಲು ಹರಿದ ಪ್ಯಾಂಟಿನಲ್ಲಿ.

"ಕೊಂಪಾದ್ರೆ," ಎಂದು ಅವನು ಕಣ್ಣು ತುಂಬಿಕೊಂಡು ಕಾಸಿಮಿರೊನನ್ನು ಅಪ್ಪಿಕೊಂಡ. ಪಿನ್ನು ಕಾಸಿಮಿರೊನ ಕೆನ್ನೆಗೆ ಚುಚ್ಚಿತು.

ಎಂಟು ವರ್ಷದ ಸುಳ್ಳು ಆ ಪಿನ್ನಿನ ಮೊನೆಗೆ ತಗುಲಿ ಒಡೆದು, ಒಳಗಿದ್ದ ನಿಜವೆಲ್ಲ ಕಾಸಿಮಿರೊಗೆ ಒಟ್ಟಿಗೇ ನೆನಪಾಯಿತು. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡ. ನುಂಗಿದ್ದು ಕೆಳಗಿಳಿಯಲಿಲ್ಲ.

"ಬನ್ನಿ, ಕೊಂಪಾದ್ರೆ," ಎಂದ ಹಲ್ಲು ಕಚ್ಚಿಕೊಂಡು. "ತಡವಾಯ್ತಲ್ಲ ತಮಗೆ."

"ಇವನೇನಾ ಮೇಳದ ಗುರು?" ದೋನ್ಯಾ ಎರ್ಮೆಲಿಂದಾಳ ಜಪಸರ ಅರ್ಧ ಮಣಿಯಲ್ಲಿ ನಿಂತಿತು.

"ಫ್ರೆಸ್ನೊದಲ್ಲಿ ಹಾಗೆ," ಎಂದ ಕಾಸಿಮಿರೊ. "ಅಲ್ಲಿ ಸೆಕೆ ಜಾಸ್ತಿ."

ಸೆಕೆಗೂ ಜುಟ್ಟಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಸತ್ತ ಮನೆಯಲ್ಲಿ ಮೊದಲ ದಿನ ಯಾವ ಮಾತನ್ನಾದರೂ ಜನ ಒಪ್ಪುತ್ತಾರೆ.

ಎರಡನೆಯ ಸಂಜೆ ಫಾದರ್ ಕೀರನ್ ಬಂದರು. ಐರ್ಲೆಂಡಿನಲ್ಲಿ ಹುಟ್ಟಿದರೂ ಆ ಬೀದಿಯಲ್ಲೇ ಮುದುಕರಾದವರು. ಅವರ ಬಾಯಲ್ಲಿ ಬೀದಿಯ ಮಾತೇ ಇತ್ತು. ಬಂದವರು ಜುಟ್ಟನ್ನು ಒಮ್ಮೆ ನೋಡಿ, ಮತ್ತೊಮ್ಮೆ ನೋಡಿ, "ಫ್ರೆಸ್ನೊದ ಮೇಳ ಬಂದಿದೆಯಂತೆ. ಭಾನುವಾರ ದೊಡ್ಡ ಪೂಜೆಗೆ ಹಾಡಿಸೋಣ, ಕಾಸಿಮಿರೊ. ಫೆಂಚೊಗೂ ಮರ್ಯಾದೆ" ಎಂದರು.

ರೊಗಾಸಿಯಾನೊ ಸಂತೋಷದಿಂದ ಬಾಯಿ ತೆರೆದ. ಅವನು ಬಾಯಿ ತೆರೆದರೆ ಏನು ಹೊರಬರುವುದೆಂದು ಕಾಸಿಮಿರೊಗೆ ಗೊತ್ತಿತ್ತು. ಅದು ಹೊರಬಂದರೆ ನಾಳೆ ಈ ಕುರ್ಚಿಗಳೆಲ್ಲ ಖಾಲಿ.

"ಹಾಡೋ ಹಾಗಿಲ್ಲ, ಫಾದರ್," ಎಂದ. "ಮೌನವ್ರತ. ಮೇಳದವನೊಬ್ಬ ಸತ್ರೆ ಒಂಬತ್ತು ದಿನ ಅವರು ಹಾಡಲ್ಲ. ಮಾತೂ ಆಡಲ್ಲ. ಹೌದಲ್ವಾ, ಕೊಂಪಾದ್ರೆ?"

ಎಲ್ಲರೂ ರೊಗಾಸಿಯಾನೊನತ್ತ ತಿರುಗಿದರು. ಅವನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಕೊಂಪಾದ್ರೆ ಹೇಳಿದ ಮಾತನ್ನು ಜನರೆದುರು ಅಲ್ಲ ಎನ್ನುವುದು ಅವನು ಬೆಳೆದ ರೀತಿಯಲ್ಲಿರಲಿಲ್ಲ. ತೆರೆದ ಬಾಯಿಯನ್ನು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದ. ಫಾದರ್ ಕೀರನ್ನರ ಕಣ್ಣು ತೇವವಾಯಿತು.

ಮುಂದಿನ ಎರಡು ದಿನ ಆ ಮನೆಯಲ್ಲಿ ನಡೆದದ್ದನ್ನು ನೆನೆದರೆ ಮನುಷ್ಯರ ಭಕ್ತಿಗೆ ತಳವಿಲ್ಲವೆನಿಸುತ್ತದೆ. ಮೌನವ್ರತದ ಗಾಯಕರನ್ನು ನೋಡಲು ಪಕ್ಕದ ಪೇಟೆಗಳಿಂದ ಜನ ಬಂದರು. ಗಂಟಲು ಬೇನೆಯ ಒಬ್ಬ ಮುದುಕಿ ರೊಗಾಸಿಯಾನೊನ ಕೈಯನ್ನು ತನ್ನ ಕುತ್ತಿಗೆಗೆ ಒತ್ತಿಕೊಂಡು, ಹಗುರಾಯಿತು ಎಂದಳು. ಬಾಯಿಬಡುಕಿ ಸೊಸೆಯನ್ನು ಒಬ್ಬಳು ಎಳೆದುಕೊಂಡು ಬಂದು, "ಇವಳಿಗೂ ಈ ವ್ರತ ಕೊಡಿಸಿ" ಎಂದು ಬೇಡಿದಳು. ಹಗಲು ಹೊತ್ತು ಫ್ರೆಸ್ನೊದಲ್ಲಿ ಶಾಲೆಯ ಬಸ್ಸು ಓಡಿಸುವ ರೊಗಾಸಿಯಾನೊಗೆ ಸದ್ದು ಬಿಟ್ಟರೆ ಬೇರೆ ಲೋಕವಿರಲಿಲ್ಲ. ಅವನು ಮೂಕನಾಗಿ ಕುಳಿತು, ಬೆರಳುಗಳಿಂದ ಮಾತ್ರ ಮೊಣಕಾಲಿನ ಮೇಲೆ ಡ್ರಮ್ಮು ಬಾರಿಸಿಕೊಳ್ಳುತ್ತಿದ್ದ. ಅದನ್ನೂ ಜನ ಜಪವೆಂದೇ ತಿಳಿದರು.

"ಮುದುಕಾ, ಈ ಪಾಪದವರನ್ನ ಎಷ್ಟು ದಿನ ಬಾಯಿ ಹೊಲಿದು ಕೂರಿಸ್ತೀಯ?" ಎಂದಳು ಒತೀಲಿಯಾ.

"ಜನ ಬರ್ತಿದ್ದಾರಲ್ಲ. ಜಪ ನಡೀತಿದೆಯಲ್ಲ. ಸುಮ್ನಿರು ಮುದುಕಿ."

ಐದನೆಯ ಸಂಜೆ ಶಿಲುಬೆಯ ಯಾತನೆಯನ್ನು ನೆನೆಯುವ ದುಃಖದ ರಹಸ್ಯಗಳ ಜಪ ನಡೆದಿತ್ತು. ದೋನ್ಯಾ ಎರ್ಮೆಲಿಂದಾ ಕಣ್ಣು ಮುಚ್ಚಿ, ಮುಳ್ಳಿನ ಕಿರೀಟದ ಹತ್ತಿರ ಬಂದಿದ್ದಳು. ಆಗ ಬೇಲಿಯ ಹೊರಗೆ ಸುಮಾರು ಇಪ್ಪತ್ತು ಮಂದಿ ಬಂದು ನಿಂತರು. ಹಸಿರು ಕೂದಲು, ನೇರಳೆ ಕೂದಲು, ಕೂದಲೇ ಇಲ್ಲದವರು, ಸರಪಳಿಯವರು. ಎಲ್ಲರ ಕೈಯಲ್ಲೂ ಮೇಣದ ಬತ್ತಿ. ಫೆಂಚೊ ಸತ್ತನೆಂದು ಕೇಳಿ, ಅವನ ಹಾಡು ಕೇಳಿ ಬೆಳೆದವರು ಫ್ರೆಸ್ನೊದಿಂದಲೂ ಹತ್ತಿರದಿಂದಲೂ ಬಂದಿದ್ದರು. ಟೋಪಿ ತೆಗೆದು, ತಲೆ ತಗ್ಗಿಸಿ ಒಂದು ಗಳಿಗೆ ನಿಂತರು. ಆಮೇಲೆ ತಮಗೆ ತಿಳಿದ ರೀತಿಯಲ್ಲಿ ಗೌರವ ಸಲ್ಲಿಸಿದರು. ಎಂದರೆ ಇಪ್ಪತ್ತು ಗಂಟಲುಗಳಿಂದ ಒಟ್ಟಿಗೆ ಕಿರುಚಿದರು:

"ಮೂಲೆ ತಿರುಗಿ ಬಂತು ಬಂತು ಎರ್ಮೆಲಿಂದಾ ಚಪ್ಪಲಿ,
ಬೀಸಿದರೆ ಬೀಳಲೇಬೇಕು, ನೀ ಅಡಗಿದ್ರೂ ಗಲ್ಲಿಯಲಿ!"

ಒಳಗೆ ನಮೋ ಮರಿಯಾ ನಿಂತಿತು. ದೋನ್ಯಾ ಎರ್ಮೆಲಿಂದಾ ನಿಧಾನವಾಗಿ ಕಣ್ಣು ತೆರೆದಳು.

"ಅದು ನನ್ನ ಚಪ್ಪಲಿ," ಎಂದಳು.

ಯಾರೂ ಅಲ್ಲ ಎನ್ನಲಿಲ್ಲ. ಹಸಿ ಸಿಮೆಂಟಿನ ಮೇಲೆ ಓಡಿದ್ದಕ್ಕೆ ಹುಡುಗ ಫೆಂಚೊಗೆ ಅವಳು ಎಸೆದ ಚಪ್ಪಲಿ ಮೂಲೆ ತಿರುಗಿ ಹೋಗಿ ಬಡಿದದ್ದನ್ನು ನೋಡಿದವರು ಆ ಕೋಣೆಯಲ್ಲೇ ಮೂವರಿದ್ದರು.

"ಕಾಸಿಮಿರೊ. ಇದೇನಾ ಬಿಷಪ್ಪರು ಅತ್ತ ಹಾಡು?"

"ಬೇರೆ ಹಾಡೂ ಇರಬಹುದು, ದೋನ್ಯಾ."

"ಎಂಟು ವರ್ಷ ನನಗೆ ಗಾಯನ ಮೇಳ ಅಂತ ಹೇಳಿದೆ. ಕ್ರಿಸ್‌ಮಸ್ಸಿಗೆ ನಾನು ತಮಾಲೆ ಕಟ್ಟಿಕೊಟ್ಟೆ, ಮೇಳಕ್ಕೆ ಕಳಿಸು ಅಂತ. ಯಾರು ತಿಂದ್ರು ಅದನ್ನ?"

ತಿಂದವನು ಕಾಸಿಮಿರೊನೇ.

ದೋನ್ಯಾ ಜಪಸರವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. "ಉಳಿದದ್ದನ್ನ ಫ್ರೆಸ್ನೊದಿಂದ ಯಾರನ್ನಾದ್ರೂ ಕರೆಸಿ ಹೇಳಿಸು. ನನ್ನ ಚಪ್ಪಲಿ ಇಟ್ಕೊಂಡು ನಗೋ ಆತ್ಮಕ್ಕೆ ನಾನು ಒಂದು ಮಣಿ ಉರುಳಿಸಲ್ಲ." ಅವಳ ಹಿಂದೆ ಕುರ್ಚಿಗಳು ಕಿರ್ರೆಂದವು. ಬೀದಿಯವರೆಲ್ಲ ಎದ್ದು ಹೋದರು. ಸುಣ್ಣದ ಶಿಲುಬೆಯ ಮುಂದೆ ಅರ್ಧಕ್ಕೆ ನಿಂತ ಜಪ, ಒತೀಲಿಯಾಳ ಅಳು, ಬೇಲಿಯಾಚೆ ಏನಾಯಿತೆಂದು ತಿಳಿಯದೆ ನಿಂತ ಇಪ್ಪತ್ತು ಮೇಣದ ಬತ್ತಿ, ಇಷ್ಟೇ ಉಳಿಯಿತು.

ಮರುದಿನ ಬೆಳಿಗ್ಗೆ ಕಾಸಿಮಿರೊ ಕ್ಷಮೆ ಕೇಳಲು ದೋನ್ಯಾ ಎರ್ಮೆಲಿಂದಾಳ ಮನೆಗೆ ಹೋದ. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಹೊಂದಿಸಿಕೊಂಡಿದ್ದ. ಅವಳು ಬಾಗಿಲು ತೆರೆದ ಕೂಡಲೆ ಅವೆಲ್ಲ ಹಾರಿಹೋಗಿ ಸಿಟ್ಟೊಂದೇ ನಿಂತಿತು.

"ಜಪಕ್ಕೆ ಬರಬೇಡ," ಎಂದು ಗದರಿದ. "ನೀನು ಬರದಿದ್ರೆ ಜನ ಏನಂತಾರೆ ಗೊತ್ತಾ? ಹಾಡು ನಿಜ, ಅದಕ್ಕೇ ಮುದುಕಿಗೆ ಚುಚ್ಚಿತು ಅಂತಾರೆ."

"ಯಾರು ಅಂತಾರೆ?"

"ಮೊದಲು ನಾನೇ ಅಂತೀನಿ."

ದೋನ್ಯಾ ಬಾಗಿಲನ್ನು ಅವನ ಮುಖಕ್ಕೆ ಹಾಕಿದಳು. ಆದರೆ ಸಂಜೆ ಎಲ್ಲರಿಗಿಂತ ಮೊದಲು ಬಂದು ಎತ್ತರದ ಕುರ್ಚಿಯಲ್ಲಿ ಕೂತಳು. ತನಗೆ ಚುಚ್ಚಿಲ್ಲವೆಂದು ಬೀದಿಗೇ ತಿಳಿಯಲಿ ಎಂದು, ಎರಡು ಮನೆಯಾಚೆಗೆ ಕೇಳುವ ದನಿಯಲ್ಲಿ ಜಪ ಹೇಳಿಸಿದಳು. ಆ ಮಾತು ಹಬ್ಬಿತು. ಯಾರ ಮೇಲೆ ಹಾಡು ಇದೆಯೆಂದು ಹಸಿರು ಕೂದಲಿನವರು ಹೇಳಿದರೋ ಅವರೆಲ್ಲ ಮುಂದಿನ ಸಾಲಿಗೆ ಬಂದರು. ಬರದಿದ್ದರೆ ಹಾಡು ನಿಜವೆಂದು ಒಪ್ಪಿದ ಹಾಗೆ. ಮೆನುದೊ ಎಂಬ ಕರುಳಿನ ಸಾರನ್ನು ಹುಳಿ ವಾಸನೆ ಬಂದಮೇಲೂ ಮಾರುತ್ತಾಳೆಂದು ಹಾಡಿಸಿಕೊಂಡ ಹೋಟೆಲಿನವಳು ಒಂದು ಹಂಡೆ ಮೆನುದೊ ಹೊರಿಸಿಕೊಂಡೇ ಬಂದಳು. ಒಬ್ಬರಿಗಿಂತ ಒಬ್ಬರು ಗಟ್ಟಿಯಾಗಿ ನಮೋ ಮರಿಯಾ ಹೇಳಿದರು. ಹಸಿರು ಕೂದಲಿನವರು ಒಳಗೆ ಜಾಗ ಸಾಲದೆ ಕಿಟಕಿಗೆ ಜೋತುಬಿದ್ದರು. ಸಿಟ್ಟಿನಲ್ಲಿ ಹೇಳಿದ ಜಪವೂ ಮೇಲಕ್ಕೆ ಮುಟ್ಟುತ್ತದೆಯೆಂದರೆ, ಆ ಸಂಜೆಯಷ್ಟು ಜಪ ಆ ಪೇಟೆಯಿಂದ ಯಾವತ್ತೂ ಮುಟ್ಟಿರಲಾರದು.

ಏಳನೆಯ ಸಂಜೆ ಬೇರೊಂದು ಸಿಟ್ಟು ಎದ್ದಿತು. ಅದು ಟೈರಿನ ದೋನ್ ಸೆನೊಬಿಯೊನದು. ಜಪ ಮುಗಿದು ಸಿಹಿ ಬನ್ನು ಹಂಚುತ್ತಿದ್ದಾಗ ಅವನು ರೊಗಾಸಿಯಾನೊನ ಮುಂದೆ ನಿಂತ.

"ಎಲ್ಲರ ಮೇಲೂ ಇದೆ. ನನ್ನ ಮೇಲೆ?"

ವ್ರತ ಮುರಿದು ಎರಡು ದಿನವಾಗಿದ್ದರೂ ರೊಗಾಸಿಯಾನೊ ಅಭ್ಯಾಸಬಲದಿಂದ ತಲೆಯಾಡಿಸಿದ. ಆಮೇಲೆ ನೆನಪಾಗಿ, "ಇಲ್ಲ, ಸ್ವಾಮಿ" ಎಂದ.

"ಇಲ್ವಾ? ಅವನ ಆ ಡಕೋಟಾ ಗಾಡೀನ ನನ್ನ ಅಂಗಡಿಗೆ ಎಷ್ಟು ಸಲ ತಳ್ಕೊಂಡು ಬಂದಿಲ್ಲ. ಪಂಕ್ಚರ್ ಹಾಕಿ ಹಾಕಿ ನನ್ನ ಬೆನ್ನು ಬಗ್ಗಿತು. ಅವಳ ಚಪ್ಪಲಿಗೆ ಹಾಡಿದೆ, ನನ್ನ ಬೆನ್ನಿಗೆ ಒಂದು ಸಾಲಿಲ್ವಾ?"

"ನಿನ್ನಲ್ಲಿ ಹಾಡೋ ಅಂಥದ್ದು ಏನಿದೆ, ಸೆನೊಬಿಯೊ?" ಎಂದಳು ದೋನ್ಯಾ ಎರ್ಮೆಲಿಂದಾ. ಅವಳ ದನಿಯಲ್ಲಿ ಒಂದು ಬಗೆಯ ಜಂಬ ಆಗಲೇ ಸೇರಿಕೊಂಡಿತ್ತು.

ಅವಮಾನಗೊಂಡ ಸೆನೊಬಿಯೊ ಸಿಟ್ಟನ್ನು ಮನೆಯ ಯಜಮಾನನತ್ತ ತಿರುಗಿಸಿದ. "ಹಾಗಾದ್ರೆ ಇವನ ಮೇಲೂ ಒಂದಿದೆಯಂತಲ್ಲ. ಅದು ಹಾಡಿಸ್ರಿ, ಕೇಳೋಣ."

ಕಿಟಕಿಯಲ್ಲಿದ್ದ ಹಸಿರು ಕೂದಲುಗಳು ಕೆಳಗೆ ಮುಳುಗಿದವು. ಎಂಟು ವರ್ಷ ಕೇಳದೆ ಬಿಟ್ಟದ್ದನ್ನು ಇನ್ನು ಬಿಡುವ ಹಾಗಿರಲಿಲ್ಲ.

"ಹಾಡಿ, ಕೊಂಪಾದ್ರೆ," ಎಂದ ಕಾಸಿಮಿರೊ.

"ಆಗಲ್ಲ, ಕೊಂಪಾದ್ರೆ. ತಮ್ಮ ಮುಂದೆ ಆ ಮಾತು ಆಡೋದು ಮರ್ಯಾದೆ ಅಲ್ಲ."

"ನಾನೇ ಕೇಳ್ತಿದ್ದೀನಲ್ಲ, ತಮ್ಮನ್ನ. ಮರ್ಯಾದೆಯಿಂದ."

"ಮರ್ಯಾದೆಯಿಂದಲೇ ಆಗಲ್ಲ ಅಂತಿದ್ದೀನಿ."

"ತಾವು ಹಾಡದಿದ್ರೆ ನನಗೆ ಬಹಳ ಬೇಸರವಾಗುತ್ತೆ, ಕೊಂಪಾದ್ರೆ." ಕಾಸಿಮಿರೊನ ಕುತ್ತಿಗೆಯ ನರಗಳು ಹಗ್ಗದಂತೆ ಉಬ್ಬಿದ್ದವು.

"ಹಾಡಿದ್ರೆ ಇನ್ನೂ ಬೇಸರವಾಗುತ್ತೆ. ಆ ಬೇಸರ ನನ್ನ ಕೈಯಿಂದ ಆಗಬಾರದು, ಕೊಂಪಾದ್ರೆ."

ಇಬ್ಬರು ಮುದುಕರು ಬಾಗಿ ಬಾಗಿ, ತಾವು ತಾವು ಎನ್ನುತ್ತ, ಒಬ್ಬರನ್ನೊಬ್ಬರು ಕೊಲ್ಲುವಂತೆ ನೋಡುತ್ತ ನಿಂತಿದ್ದನ್ನು ಕಂಡು ದೋನ್ ಸೆನೊಬಿಯೊ ತನ್ನ ದುಃಖವನ್ನೇ ಮರೆತ.

ಎಂಟನೆಯ ದಿನ ಬೆಳಿಗ್ಗೆ ಕಾಸಿಮಿರೊ ಫಾದರ್ ಕೀರನ್ನರ ಬಾಗಿಲು ಬಡಿದ. ಅವರು ಎಲ್ಲ ಕೇಳಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಮೌನವ್ರತವೂ ಸುಳ್ಳಾ?"

"ಹೂಂ, ಫಾದರ್."

"ನಾನು ಅದರ ಮೇಲೆ ಭಾನುವಾರ ಪ್ರವಚನ ಮಾಡಿಬಿಟ್ಟೆನಲ್ಲಯ್ಯ." ಅವರ ಮುಖ ಕೆಂಪಾಯಿತು. ಸ್ವಲ್ಪ ಹೊತ್ತು ಬೈದರು. ಬೈದು ದಣಿದ ಮೇಲೆ ಹೇಳಿದರು: "ಶನಿವಾರ ಪಾಪನಿವೇದನೆಗೆ ಬಾ, ಹೊತ್ತು ಮಾಡಿಕೊಂಡು ಬಾ. ಈಗ ಕೇಳು. ಶಿಲುಬೆ ಎದ್ದ ಮೇಲೆ ನೀವು ಕೊಂಪಾದ್ರೆಗಳು. ಅದು ಏಳೋದು ನಾಳೆ ಸಂಜೆ. ಅಲ್ಲೀವರೆಗೆ ನೀವಿಬ್ಬರೂ ಬರಿಯ ಇಬ್ಬರು ಮನುಷ್ಯರು. ಬೈಯೋದಿದ್ರೆ ಇವತ್ತೇ ಬೈದು ಮುಗಿಸಿ."

ಈ ತೀರ್ಪು ಯಾವ ಧರ್ಮಶಾಸ್ತ್ರದಲ್ಲಿದೆಯೆಂದು ಕಾಸಿಮಿರೊ ಕೇಳಲಿಲ್ಲ. ಓಡುತ್ತಾ ಮನೆಗೆ ಬಂದ. ರೊಗಾಸಿಯಾನೊ ಅಂಗಡಿಯ ಹಿಂದಿನ ಅಂಗಳದಲ್ಲಿ ವ್ಯಾನಿಗೆ ನೀರು ತುಂಬಿಸುತ್ತಿದ್ದ.

"ಲೋ ಜುಟ್ಟಿನವನೇ," ಎಂದ ಕಾಸಿಮಿರೊ. ಎಂಟು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಏಕವಚನ ಹೊರಗೆ ಬಂದ ಸುಖಕ್ಕೆ ಅವನ ಕಣ್ಣು ಮಂಜಾಯಿತು. "ಫಾದರ್ ಅಪ್ಪಣೆ ಕೊಟ್ಟಿದ್ದಾರೆ. ನಾಳೆ ಸಂಜೆ ತನಕ ನೀನು ನನಗೆ ಏನೂ ಅಲ್ಲ. ಹತ್ತೊಂಬತ್ತು ವರ್ಷ ಜೊತೆಗಿದ್ಯಲ್ಲ, ಖಾಲಿ ಹೊಟ್ಟೇಲಿ ಕಾಫಿ ಕುಡೀತಾನೆ ಅಂತ ಗೊತ್ತಿರಲಿಲ್ವಾ? ಮುಖ ಬೂದಿ ಆಗಿತ್ತಂತಲ್ಲ ವಾರದಿಂದ? ಡಾಕ್ಟ್ರ ಹತ್ರ ಎಳ್ಕೊಂಡು ಹೋಗಕ್ಕೆ ನಿನಗೆ ಕೈ ಇರಲಿಲ್ವಾ? ಡ್ರಮ್ಮು ಬಡಿಯಕ್ಕೆ ಮಾತ್ರ ಇದೆಯಾ ಕೈ?"

ರೊಗಾ‌ಸಿಯಾನೊ ನೀರಿನ ಕ್ಯಾನು ಕೆಳಗಿಟ್ಟ. ಅವನ ಮೆತ್ತನೆಯ ದನಿ ಮಾಯವಾಯಿತು.

"ಎಳ್ದೆ ಕಣಯ್ಯ. ಎರಡು ಸಲ ಎಳ್ದೆ. ಬರಲಿಲ್ಲ. ನಮ್ಮಣ್ಣ ಹೇಳಿದ್ರೆ ಹೋಗ್ತೀನಿ, ಬೇರೆ ಯಾರ ಮಾತೂ ಕೇಳಲ್ಲ ಅಂದ. ಫೋನ್ ಮಾಡು ಅವನಿಗೆ ಅಂದೆ. ಅವನೇ ಮಾಡಲಿ ಅಂದ. ಎಂಟು ವರ್ಷ ಫೋನು ನಿನ್ನ ಗೋಡೆ ಮೇಲೇ ಇತ್ತಲ್ಲ. ನಿನಗೆ ಕೈ ಇರಲಿಲ್ವಾ?"

ಬೇಲಿಯಾಚೆ ಕಿವಿಗೊಟ್ಟು ನಿಂತಿದ್ದ ಸೆನೊಬಿಯೊ ಉಸಿರು ಬಿಗಿಹಿಡಿದ. ದೋನ್ಯಾ ಎರ್ಮೆಲಿಂದಾ ಅವನ ತೋಳು ಹಿಡಿದುಕೊಂಡಳು.

"ಹಾಡು," ಎಂದ ಕಾಸಿಮಿರೊ.

ರೊಗಾಸಿಯಾನೊ ಸಿಟ್ಟಿನಲ್ಲೇ ಇದ್ದ. ಆ ಹಾಡಿಗೆ ಅದೇ ಸರಿಯಾಗಿತ್ತು. ವ್ಯಾನಿನ ಮೈಮೇಲೆ ಎರಡೂ ಅಂಗೈಯಿಂದ ಬಡಿಯುತ್ತ, ಕಿವಿ ಸೀಳುವಂತೆ ಕಿರುಚಿದ:

"ಕೂದಲು ಕತ್ತರಿಸು! ಕಾಲು ತೆಗಿ ಸೀಟಿನ ಮೇಲಿಂದ!
ನಿನಗೋಸ್ಕರ ಶಾಲೆ ಬಿಟ್ಟೆ, ನೆನಪಿಟ್ಕೋ ಇವತ್ತಿಂದ!
ಬಾಗಿಲು ಹಾಕು! ದೀಪ ಆರಿಸು! ಮಾವನ ಮನೆಯಾ ಇದು?
ತಿಂದ್ಯೇನೋ, ಪಶು? ತಿಂದ್ಯೇನೋ, ಪಶು? ತಿಂದ್ಯೇನೋ, ಪಶು?"

ಮುಂದೆಯೂ ಅಷ್ಟೇ. ಅದರಲ್ಲಿ ಫೆಂಚೊನ ಮಾತು ಒಂದೂ ಇರಲಿಲ್ಲ. ಅಪ್ಪ ಸತ್ತ ವರ್ಷದಿಂದ ಕಾಸಿಮಿರೊ ತಮ್ಮನನ್ನು ಬೈದ ಬೈಗುಳಗಳೇ ಸಾಲು ಸಾಲಾಗಿ, ಒಂದಕ್ಷರ ಬಿಡದೆ ನಿಂತಿದ್ದವು. ಪ್ರತಿ ನುಡಿಯ ಕೊನೆಗೂ ಅದೇ ಪ್ರಶ್ನೆ. ಶುಕ್ರವಾರ ಶುಕ್ರವಾರ ಫ್ರೆಸ್ನೊದ ಮುನ್ನೂರು ಪೋರರು ಮುಷ್ಟಿ ಎತ್ತಿ ಕೂಗುತ್ತಿದ್ದದ್ದು ಇದನ್ನೇ ಎಂದು ರೊಗಾಸಿಯಾನೊ ಹೇಳಿದ. ಅವರಲ್ಲಿ ಎಷ್ಟೋ ಮಂದಿಗೆ ಮನೆಯಲ್ಲಿ ಹಾಗೆ ಕೇಳುವವರು ಇರಲಿಲ್ಲವಂತೆ. ಅದಕ್ಕೇ ಕೊನೆಗೆ ಅದೇ ಹಾಡು ಬೇಕು ಎನ್ನುತ್ತಿದ್ದರಂತೆ.

ಕಾಸಿಮಿರೊ ಬಗ್ಗಿ, ಕೆಳಗಿದ್ದ ನೀರಿನ ಕ್ಯಾನನ್ನು ಎತ್ತಿ ಅವನ ಕೈಗೆ ಕೊಟ್ಟ.

"ತಪ್ಪು ಹಾಡಿದ್ದೀರಿ," ಎಂದ. "'ಪಶು' ಅನ್ನೋದನ್ನ ನಾನು ಇಷ್ಟು ಮೆತ್ತಗೆ ಅಂತಿರಲಿಲ್ಲ."

"ಹಾಗಾದ್ರೆ ಹೇಗೆ?"

ಕಾಸಿಮಿರೊ ತೋರಿಸಿಕೊಟ್ಟ. ಬೀದಿಯ ಕೊನೆಯಲ್ಲಿ ನಾಯಿಗಳು ಎದ್ದವು.

ಒಂಬತ್ತನೆಯ ಸಂಜೆ ಮನೆ, ಅಂಗಳ, ಅಂಗಡಿ, ಬೀದಿ ಎಲ್ಲ ತುಂಬಿತ್ತು. ಆದರೆ ಪೈಪೋಟಿಯ ಜಪದಲ್ಲಿ ದೋನ್ಯಾ ಎರ್ಮೆಲಿಂದಾಳ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬಾಯಿ ಆಡಿದರೆ ಗಾಳಿ ಮಾತ್ರ ಬರುತ್ತಿತ್ತು. ಫಾದರ್ ಕೀರನ್ ಬೇರೊಂದು ಸಾವಿಗೆ ಹೋಗಿದ್ದರು. ರೊಗಾಸಿಯಾನೊ ಮರದ ಶಿಲುಬೆಯನ್ನು ತೋಳಿನಲ್ಲಿ ಹಿಡಿದು ಮಂಡಿಯೂರಿದ್ದ. ಕೊನೆಯ ಪ್ರಾರ್ಥನೆ ಹೇಳದೆ ಅದನ್ನು ಎತ್ತುವಂತಿರಲಿಲ್ಲ. ದೋನ್ಯಾ ತನ್ನ ಜಪಸರವನ್ನು ಕೊರಳಿಂದ ತೆಗೆದು ಕಾಸಿಮಿರೊನ ಕೈಗೆ ತುರುಕಿದಳು.

"ನನಗೆ ಮೆತ್ತಗೆ ಹೇಳಕ್ಕೆ ಬರಲ್ಲ," ಎಂದ ಅವನು.

ಅವಳು ಗಾಳಿಯಲ್ಲೇ ಏನೋ ಅಂದಳು. ತುಟಿ ನೋಡಿದವರಿಗೆ, "ಯಾರು ಕೇಳಿದ್ರು ಮೆತ್ತಗೆ" ಎಂದಂತೆ ಕಂಡಿತು.

ಕಾಸಿಮಿರೊ ಎದ್ದು ನಿಂತ. ಗಿರಾಕಿಯನ್ನು ಗದರುವ ದನಿಯಲ್ಲೇ, ಮಾಡಿನತ್ತ ಮುಖ ಎತ್ತಿ ಶುರುಮಾಡಿದ. ಒಂದೊಂದು ಸಾಲಿಗೂ ಹಸಿರು ಕೂದಲು, ನೇರಳೆ ಕೂದಲು, ಹೋಟೆಲಿನವಳು, ಸೆನೊಬಿಯೊ, ಗಿಟಾರಿನವರಿಬ್ಬರು, ಎಲ್ಲರೂ ಗಂಟಲು ಹರಿಯುವಂತೆ ಮರುದನಿ ಕೊಟ್ಟರು. ಶಿಲುಬೆ ನಿಧಾನವಾಗಿ ಮೇಲೆದ್ದಿತು.

"ಸ್ವಾಮಿ, ಇವನನ್ನು ನಾವಾಗಿ ಕೊಟ್ಟಿಲ್ಲ, ನೀನಾಗಿ ಎತ್ತಿಕೊಂಡೆ. ಎತ್ತಿಕೊಂಡ ಮೇಲೆ ಚೆನ್ನಾಗಿ ನೋಡಿಕೋ."

"ಚೆನ್ನಾಗಿ ನೋಡಿಕೋ, ಸ್ವಾಮಿ."

"ಅವನು ನಕ್ಕಿದ್ದನ್ನು ಪಾಪದಲ್ಲಿ ಸೇರಿಸಬೇಡ. ನಾನು ಆಡಿದ್ದನ್ನು ಅವನ ಮೇಲೆ ಹಾಕಬೇಡ."

"ಹಾಕಬೇಡ, ಸ್ವಾಮಿ."

"ನಮ್ಮ ತಾಯಿ ಮರಿಯಮ್ಮ ಅವನ ಕೈ ಹಿಡಿಯಲಿ. ನಮ್ಮ ಅಪ್ಪ ಅಮ್ಮ ಇರುವಲ್ಲಿಗೆ ಅವನನ್ನು ಸೇರಿಸು. ಕೊನೆಯಿಲ್ಲದ ನಿನ್ನ ಬೆಳಕು ಫಿದೆನ್ಸಿಯೊನ ಮೇಲೆ ಬೀಳಲಿ. ಅವನ ಆತ್ಮಕ್ಕೆ ಶಾಂತಿ ಕೊಡು, ಸ್ವಾಮಿ. ಆಮೆನ್."